ಬಳಸದ ಕೊಳವೆಗಳು

ಯಾರ ಹೊಟ್ಟೆಯನ್ನೂ ಹೊಗದ ಕೊಳವೆಗಳನ್ನು ಕೊಳವೆಯಮ್ಮ ಹದಿನಾಲ್ಕು ವಾರಗಳಿಂದ ತೊಳೆಯುತ್ತಿದ್ದಳು.

ಅವು ಅಂತಿಂಥ ಕೊಳವೆಗಳಲ್ಲ. ತುದಿಯಲ್ಲಿ ದೀಪವನ್ನೂ ಕ್ಯಾಮೆರಾವನ್ನೂ ಹೊತ್ತು, ಮನುಷ್ಯನ ದೊಡ್ಡ ಕರುಳಿನ ತಿರುವುಗಳಲ್ಲೆಲ್ಲ ನುಸುಳಿ, ಒಳಗೆ ಗಂಟಿದೆಯೋ ಹುಣ್ಣಿದೆಯೋ ಎಂದು ವೈದ್ಯರ ಕಣ್ಣಿಗೆ ಹಿಡಿದು ತೋರಿಸುವ ಐದು ಉದ್ದನೆಯ ಕಪ್ಪು ಕೊಳವೆಗಳು. ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ, ಪರೀಕ್ಷಾ ಕೋಣೆಯ ಬೆನ್ನಿಗಿದ್ದ ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ಅವುಗಳ ವಾಸ. ಇಪ್ಪತ್ತೆರಡು ವರ್ಷಗಳಿಂದ ಆಕೆಯ ವಾಸವೂ ಅಲ್ಲಿಯೇ ಎಂದರೆ ತಪ್ಪಾಗದು. ಒಂದೊಂದನ್ನೂ ನೀರಿನಲ್ಲಿ ಮುಳುಗಿಸಿ, ಗಾಳಿ ತುಂಬಿ, ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡಬೇಕು. ಸಾಬೂನಿನ ದ್ರಾವಣದಲ್ಲಿ ಅದ್ದಿ, ಒಳನಾಳದ ಉದ್ದಕ್ಕೂ ಸಣ್ಣ ಬ್ರಷ್ಷನ್ನು ತೂರಿಸಿ ಉಜ್ಜಬೇಕು. ಯಂತ್ರಕ್ಕೆ ಹಾಕಿ ಕ್ರಿಮಿಗಳನ್ನು ಕೊಲ್ಲಬೇಕು, ಗಾಳಿ ಹಾಯಿಸಿ ಒಣಗಿಸಬೇಕು, ಬೀರುವಿನಲ್ಲಿ ಒಂದಕ್ಕೊಂದು ತಾಗದಂತೆ ನೇರವಾಗಿ ತೂಗುಹಾಕಬೇಕು. ಕೊನೆಗೆ ದಪ್ಪ ರಟ್ಟಿನ ರಿಜಿಸ್ಟರಿನಲ್ಲಿ ದಿನಾಂಕ, ಕೊಳವೆಯ ಸಂಖ್ಯೆ, ಅದನ್ನು ಬಳಸಿದ ರೋಗಿಯ ಸಂಖ್ಯೆ, ಇಷ್ಟನ್ನೂ ಬರೆದು ರುಜು ಮಾಡಬೇಕು. ಹೊಸದಾಗಿ ಬಂದ ಡಾಕ್ಟರುಗಳು ಮೊದಮೊದಲು ಆಕೆಯ ಹೆಸರು ಕೇಳುತ್ತಿದ್ದರು. ತಿಂಗಳು ಕಳೆಯುವುದರೊಳಗೆ ಅವರ ಬಾಯಲ್ಲೂ ಆಕೆ ಕೊಳವೆಯಮ್ಮನೇ.

ಸೋಂಕು ಊರಿಗೆ ಕಾಲಿಟ್ಟ ವಾರವೇ ವಿಭಾಗದ ಬಾಗಿಲಿಗೆ ಕಾಗದವೊಂದು ಅಂಟಿತು: ಮುಂದಿನ ಆದೇಶದವರೆಗೆ ಪರೀಕ್ಷೆಗಳಿಲ್ಲ. ರಕ್ಷಣಾ ಉಡುಪು ಸಾಲದು, ಪರೀಕ್ಷೆಯ ವೇಳೆ ಸೋಂಕು ಹರಡೀತು, ದಾದಿಯರೆಲ್ಲ ಜ್ವರದ ವಾರ್ಡಿಗೆ ಬೇಕು. ಕಾರಣಗಳು ಸರಿಯಾಗಿಯೇ ಇದ್ದವು. ಮೊದಲ ತಿಂಗಳು ಆಕೆಯೂ ಹೌದೆಂದು ತಲೆಯಾಡಿಸಿದಳು. ಆದರೆ ರೋಗಿಯಿಲ್ಲವೆಂದು ಕೊಳವೆಯನ್ನು ಮರೆಯುವಂತಿರಲಿಲ್ಲ; ತೂಗುಹಾಕಿ ಮೂರು ದಿನ ಕಳೆದ ಕೊಳವೆಯನ್ನು ಮತ್ತೆ ತೊಳೆಯತಕ್ಕದ್ದೆಂಬುದು ವಿಭಾಗದ ನಿಯಮ. ಹೀಗಾಗಿ ಆಕೆ ತೊಳೆದದ್ದನ್ನೇ ತೊಳೆದು, ರೋಗಿಯ ಸಂಖ್ಯೆ ಬರೆಯುವ ಜಾಗದಲ್ಲಿ ‘ಬಳಕೆಯಿಲ್ಲ’ ಎಂದು ಬರೆಯುತ್ತ ಬಂದಳು. ಗೋಡೆಯ ಆಚೆಬದಿಯಲ್ಲಿ, ಸ್ವಾಗತದ ಮೇಜಿನ ಮೇಲೆ, ಪರೀಕ್ಷೆಗೆ ಕೊಟ್ಟ ದಿನಾಂಕ ರದ್ದಾದವರ ಪಟ್ಟಿ ಹಾಳೆಯಿಂದ ಹಾಳೆಗೆ ಬೆಳೆಯುತ್ತಿತ್ತು.

ಆ ಪಟ್ಟಿಯ ನಲವತ್ತೊಂದನೆಯ ಸಾಲಿನಲ್ಲಿ ಆಕೆಯ ಅಕ್ಕ ಇದ್ದಳು.

ಅಕ್ಕ ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿ ದುಡಿದು ನಿವೃತ್ತಳಾದವಳು. ಗಂಡನನ್ನು ಕಳೆದುಕೊಂಡ ತಂಗಿಯನ್ನು ತನ್ನ ಎರಡು ಕೋಣೆಯ ಮನೆಗೆ ಕರೆದುಕೊಂಡು ಬಂದು, “ಬಾಡಿಗೆ ಕೊಡಬೇಡ, ಬುದ್ಧಿ ಹೇಳಬೇಡ” ಎಂದು ಎರಡೇ ಷರತ್ತು ಹಾಕಿದವಳು. ಐದು ತಿಂಗಳಿಂದ ಅವಳಿಗೆ ಮಲದೊಡನೆ ರಕ್ತ ಹೋಗುತ್ತಿತ್ತು. ರವಿಕೆಗಳಿಗೆ ಮೂರು ಸಲ ಒಳಹೊಲಿಗೆ ಹಾಕಿಯಾಗಿತ್ತು. ಮಾತಿನ ತೂಕ ಮಾತ್ರ ಚೂರೂ ಇಳಿದಿರಲಿಲ್ಲ.

“ಏನೇ, ಇವತ್ತು ಯಾವ ಕೊಳವೆಗೆ ಸ್ನಾನ ಮಾಡಿಸ್ದೆ?” ಎಂದು ಅಡುಗೆಮನೆಯಿಂದಲೇ ಕೇಳುತ್ತಿದ್ದಳು.

“ಮೂರನೇದಕ್ಕೆ.”

“ಪುಣ್ಯವಂತೆ. ಯಾರ ಹಿಂಬದಿಯನ್ನೂ ನೋಡ್ದೆ ಕೂತಲ್ಲೇ ಸಂಬಳ. ಅದನ್ನ ಇತ್ತ ಕಳಿಸು, ನಾನು ಕೆಲಸ ಕೊಡ್ತೀನಿ.”

“ನಗಬೇಡ ಅಕ್ಕಾ. ಇವತ್ತು ಎಷ್ಟು ಸಲ ಹೋದೆ?”

“ಎಣಿಸೋ ಕೆಲಸದಿಂದ ನಂಗೆ ನಿವೃತ್ತಿ ಆಗಿದೆ ಕಣೇ.”

ತಂಗಿ ನಗುತ್ತಿರಲಿಲ್ಲ. ಆ ಕಾಯಿಲೆಯ ಗುಟ್ಟು ಆಕೆಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷ ಅದರ ಕೊಳೆಯನ್ನೇ ಬ್ರಷ್ಷಿನಿಂದ ತೆಗೆದವಳು. ಮೊದಲು ಅಂಗಿಯ ಗುಂಡಿಯಷ್ಟಿದ್ದದ್ದು ಆರು ತಿಂಗಳಾದ ಮೇಲೆ ಏನಾಗುತ್ತದೆ ಎಂಬುದನ್ನು ಯಾವ ಡಾಕ್ಟರೂ ಆಕೆಗೆ ಹೇಳಬೇಕಿರಲಿಲ್ಲ.

ಹದಿನೈದನೆಯ ವಾರದ ಸೋಮವಾರ ನಾಲ್ಕನೆಯ ಕೊಳವೆಯ ಸರದಿ. ಎಂದಿನಂತೆ ಸಾಬೂನು ನೀರಿಗಿಳಿಸಿ ಒಳನಾಳಕ್ಕೆ ಬ್ರಷ್ಷು ತೂರಿಸಿದಳು. ಆಚೆ ತುದಿಯಲ್ಲಿ ಹೊರಬಂದ ಬ್ರಷ್ಷಿನ ಬಿಳಿಯ ಕೂದಲು ಕಂದು ಬಣ್ಣಕ್ಕೆ ತಿರುಗಿತ್ತು. ದೀಪದ ಕೆಳಗೆ ಹಿಡಿದು ನೋಡಿದಳು. ಇನ್ನೊಮ್ಮೆ ತೂರಿಸಿದಳು, ನೀರು ಕದಡಿತು. ವಾಸನೆ ಮುಖಗವಸನ್ನೂ ದಾಟಿ ಮೂಗಿಗೆ ಬಡಿಯಿತು.

ಶುಕ್ರವಾರ ತನ್ನ ಕೈಯಾರೆ ತೊಳೆದು, ಒಣಗಿಸಿ, ತೂಗುಹಾಕಿದ ಕೊಳವೆ. ಶನಿವಾರ, ಭಾನುವಾರ ವಿಭಾಗಕ್ಕೆ ಬೀಗ. ಆ ಬೀಗದ ಹಿಂದೆ ಯಾರಿಗೋ ಪರೀಕ್ಷೆ ನಡೆದಿತ್ತು. ನಡೆಸಿದವರು ಕೊಳವೆಯ ಹೊರಮೈಯನ್ನು ಮಾತ್ರ ಒರೆಸಿ, ಒಳಗೆ ಇನ್ನೊಬ್ಬರ ಹೊಲಸನ್ನು ಹಾಗೆಯೇ ಉಳಿಸಿ, ತೊಳೆದವುಗಳ ನಡುವೆ ತೂಗುಹಾಕಿ ಹೋಗಿದ್ದರು. ನಾಳೆ ಇನ್ನೊಬ್ಬರ ಮೈಯೊಳಗೆ ಹೋಗಬೇಕಾದ ವಸ್ತು! ಬಳಸದ ಕೊಳವೆಯನ್ನೂ ಒಬ್ಬಳು ಮೂರು ದಿನಕ್ಕೊಮ್ಮೆ ತೊಳೆಯುತ್ತಾಳೆಂಬುದು ಆ ದೊಡ್ಡವರ ತಲೆಗೆ ಹೊಳೆದೇ ಇರಲಿಲ್ಲ. ಗೋಡೆಯಾಚೆಗೆ ಒಂದು ಕೆಲಸ ನಡೆಯುತ್ತದೆ, ಅದನ್ನು ಒಂದು ಜೀವ ಮಾಡುತ್ತದೆ ಎಂಬುದನ್ನು ಇಪ್ಪತ್ತೆರಡು ವರ್ಷಗಳಲ್ಲಿ ಅವರು ಗಮನಿಸಿರಲಿಲ್ಲವೆಂದೇ ಅರ್ಥ.

ಬ್ರಷ್ಷನ್ನು ತಟ್ಟೆಯಲ್ಲಿಟ್ಟುಕೊಂಡು ನೇರ ಹಿರಿಯ ದಾದಿಯ ಬಳಿ ಹೋದಳು.

“ಸಿಸ್ಟರ್, ನಾಲ್ಕನೇದನ್ನ ಯಾರಿಗೆ ಹಾಕಿದ್ರಿ?”

ಹಿರಿಯ ದಾದಿ ತಟ್ಟೆಯನ್ನು ನೋಡಿ, ಬಾಗಿಲನ್ನು ನೋಡಿ, ದನಿ ತಗ್ಗಿಸಿದಳು. “ಮೆಲ್ಲಗೆ ಮಾತಾಡಿ. ಒಳಗೆ ಬನ್ನಿ, ಸಾರ್ ಹತ್ರಾನೇ ಮಾತಾಡಿ.”

ವಿಭಾಗದ ಮುಖ್ಯ ವೈದ್ಯರು, “ಕೂತ್ಕೊಳ್ಳಿ ಅಮ್ಮಾ” ಎಂದರು. ಆ ಕೋಣೆಯಲ್ಲಿ ಇದುವರೆಗೆ ಯಾರೂ ಆಕೆಗೆ ಕುರ್ಚಿ ತೋರಿಸಿರಲಿಲ್ಲ. ಕುರ್ಚಿ ಕಂಡೊಡನೆ ಇದ್ದ ಅನುಮಾನವೂ ಗಟ್ಟಿಯಾಯಿತು.

“ಆಡಳಿತ ಮಂಡಳಿ ಅಧ್ಯಕ್ಷರ ಮಾವನವರು. ನಿನ್ನೆ ಬಂದಿದ್ರು, ತುಂಬ ಹೆದರಿಕೊಂಡಿದ್ರು. ನನಗೆ ಇಲ್ಲ ಅನ್ನೋಕಾಗ್ಲಿಲ್ಲ.”

“ಒಳಗೆ ಏನು ಸಿಕ್ತು ಸಾರ್?”

“ಏನಿಲ್ಲ. ಬರೀ ಮೂಲವ್ಯಾಧಿ.”

“ಉಡುಪು ಸಾಲದು ಅಂತ ಬಾಗಿಲಿಗೆ ಅಂಟಿಸಿದ್ದೀರಿ.”

“ಮೂರು ಜೊತೆ ಹೇಗೋ ಹೊಂದಿಸಿದ್ವಿ.”

“ಉಡುಪು ಹೊಂದಿಸಿದ್ರಿ, ಡಾಕ್ಟ್ರನ್ನ ಹೊಂದಿಸಿದ್ರಿ, ಸಿಸ್ಟರ್‌ನ ಹೊಂದಿಸಿದ್ರಿ. ಒಂದು ಬ್ರಷ್ಷು ಹಾಕೋಕೆ ಮಾತ್ರ ಯಾರನ್ನೂ ಹೊಂದಿಸ್ಲಿಲ್ಲ.”

ವೈದ್ಯರು ಹಣೆ ಉಜ್ಜಿಕೊಂಡರು. ಕೆಟ್ಟ ಮನುಷ್ಯನಲ್ಲ, ಅದೇ ಆಕೆಯ ಸಿಟ್ಟನ್ನು ಹೆಚ್ಚಿಸಿತು. “ನೋಡಿ, ಆದದ್ದಾಯ್ತು. ರಿಜಿಸ್ಟರ್‌ನಲ್ಲಿ ಎಂದಿನ ಹಾಗೆ ‘ಬಳಕೆಯಿಲ್ಲ’ ಅಂತ ಬರ್ದುಬಿಡಿ. ನಿಮ್ಮ ಅಕ್ಕ ಪಟ್ಟಿಯಲ್ಲಿದ್ದಾರಂತೆ, ಸಿಸ್ಟರ್ ಹೇಳಿದ್ರು. ಬರೋ ಭಾನುವಾರ ಕರ್ಕೊಂಡು ಬನ್ನಿ, ನಾನೇ ನೋಡ್ತೀನಿ.”

ತಟ್ಟೆಯಲ್ಲಿದ್ದುದನ್ನು ಅವರ ಬಿಳಿ ಕೋಟಿನ ಮೇಲೆ ಸುರಿದುಬಿಡಬೇಕೆನ್ನಿಸಿತು. ಆದರೆ ಸಿಟ್ಟನ್ನು ಅಲ್ಲಿಯೇ ನುಂಗಿ, ರಿಜಿಸ್ಟರಿನ ಆ ಒಂದು ಸಾಲನ್ನು ಖಾಲಿ ಬಿಟ್ಟು ಮನೆಗೆ ಬಂದಳು.

ಅಕ್ಕ ಉಗಿಯುತ್ತಾಳೆಂದೇ ಆಕೆ ನಂಬಿದ್ದಳು. ಸಾಲು ತಪ್ಪಿಸಿ ಹತ್ತಿದ ಪೊಲೀಸ್ ಅಧಿಕಾರಿಯೊಬ್ಬನನ್ನು ಕೆಳಗಿಳಿಸುವ ತನಕ ಅರ್ಧ ಗಂಟೆ ಬಸ್ಸನ್ನು ನಿಲ್ಲಿಸಿದ್ದವಳು ಅವಳು. ಉಗಿಸಿಕೊಂಡರೆ ತನ್ನ ಎದೆಯ ಭಾರ ಇಳಿದೀತೆಂಬ ಆಸೆಯೂ ಇತ್ತೆನ್ನಿ. ಅಕ್ಕ ಎಲ್ಲವನ್ನೂ ಕೇಳಿ, ಚಹಾದ ಲೋಟವನ್ನು ಬರಿದು ಮಾಡಿ, “ಹೋಗೋಣ” ಎಂದಳು.

“ಅಕ್ಕಾ! ನಿನ್ನ ಮುಂದೆ ನಲವತ್ತು ಜನ ಇದ್ದಾರೆ.”

“ಇರಲಿ. ಬಸ್ಸೇ ಬರದ ನಿಲ್ದಾಣದಲ್ಲಿ ಎಂಥಾ ಸಾಲೇ? ಮೂವತ್ತು ವರ್ಷ ಎಲ್ಲರನ್ನೂ ಸಾಲಲ್ಲಿ ನಿಲ್ಲಿಸಿ ನಂಗೆ ಸಾಕಾಗಿದೆ. ನಂಗೆ ಸಾಯೋಕೆ ಇಷ್ಟ ಇಲ್ಲ ಕಣೇ. ಹೇಳೋಕೆ ನಾಚಿಕೆ, ಆದ್ರೂ ಇಷ್ಟ ಇಲ್ಲ.” ಲೋಟವನ್ನು ಕೆಳಗಿಟ್ಟು ಸೇರಿಸಿದಳು: “ನೀನು ಬರಿ. ಪಾಪ ಬಂದ್ರೆ ಅರ್ಧರ್ಧ ಹಂಚ್ಕೊಳ್ಳೋಣ. ನನ್ನ ಪಾಲು ಬೇಗ ಮುಗಿಸ್ತೀನಿ.”

ಮರುದಿನ ಆಕೆ ಆ ಖಾಲಿ ಸಾಲಿನಲ್ಲಿ ‘ಬಳಕೆಯಿಲ್ಲ’ ಎಂದು ಬರೆದು ರುಜು ಮಾಡಿದಳು. ಅಷ್ಟು ವರ್ಷಗಳ ಬರವಣಿಗೆಯಲ್ಲಿ ಅದೇ ಮೊದಲ ಸುಳ್ಳು. ಅಕ್ಷರಗಳೇನೋ ಉಳಿದವುಗಳಷ್ಟೇ ದುಂಡಗಿದ್ದವು.

ಶನಿವಾರವೆಲ್ಲ ಅಕ್ಕ ಹೊಟ್ಟೆ ತೊಳೆಯುವ ಉಪ್ಪುನೀರನ್ನು ಲೋಟಗಟ್ಟಲೆ ಕುಡಿದಳು. “ಇದನ್ನ ನಮ್ಮ ಡಿಪೋದ ಹಳೇ ಬಸ್ಸುಗಳಿಗೆ ಕುಡಿಸಿದ್ರೆ ಎಲ್ಲ ಹೊಸದಾಗ್ತಿದ್ವು” ಎನ್ನುತ್ತ ಶೌಚಾಲಯಕ್ಕೂ ಹಾಸಿಗೆಗೂ ನಡೆದಾಡಿದಳು. ಭಾನುವಾರ ಬೆಳಿಗ್ಗೆ ವೈದ್ಯರು, ಹಿರಿಯ ದಾದಿ, ತಂಗಿ, ಈ ಮೂವರ ನಡುವೆ, ಬೀಗ ಹಾಕಿದ ವಿಭಾಗದೊಳಗೆ ಪರೀಕ್ಷೆ ನಡೆಯಿತು.

ಕೊಳವೆ ಹೆಚ್ಚು ದೂರ ಹೋಗಲಿಲ್ಲ. ಪರದೆಯ ಮೇಲೆ ನಸುಗೆಂಪು ಗೋಡೆಗಳು ಹಿಂದೆ ಸರಿಯುತ್ತಿದ್ದವು. ಒಂದು ತಿರುವು ಕಳೆದೊಡನೆ ದಾರಿಗೆ ಅಡ್ಡಲಾಗಿ, ಹೂಕೋಸಿನ ಮುರುಕಿನಂತೆ, ಒರಟಾಗಿ, ರಕ್ತ ಒಸರುತ್ತ ಅದು ಕುಳಿತಿತ್ತು. ವೈದ್ಯರ ಕೈ ನಿಂತಿತು. ಮುಕ್ಕಾಲು ದಾರಿ ಮುಚ್ಚಿಹೋಗಿತ್ತು.

“ಗಡ್ಡೆ ಇದೆ. ಬೇಗ ಆಪರೇಷನ್ ಆಗ್ಬೇಕು” ಎಂದರು ಹೊರಗೆ ಬಂದು.

“ಲ್ಯಾಬಿಗೆ ಕಳಿಸೋಕೆ ಗಡ್ಡೆಯ ಚೂರು ತೆಗೀಲಿಲ್ಲವಲ್ಲ ಸಾರ್?”

“ತೆಗೆದ್ರೆ ಲ್ಯಾಬಿಗೆ ರೋಗಿ ಸಂಖ್ಯೆ ಕೊಡ್ಬೇಕಾಗತ್ತೆ. ಇವತ್ತು ಇಲ್ಲಿ ಪರೀಕ್ಷೆಯೇ ಆಗಿಲ್ಲವಲ್ಲ. ವಿಭಾಗ ತೆರೆದ ಮೇಲೆ ಇನ್ನೊಮ್ಮೆ ಮಾಡಿ ರಿಪೋರ್ಟ್ ಕೊಡ್ತೀನಿ.”

ಅಕ್ಕನ ರಕ್ತ ಬೆರೆತ ನೀರನ್ನು ಆಕೆ ಬಚ್ಚಲಿಗೆ ಬಿಟ್ಟಳು. ಕೊಳವೆಯನ್ನು ನಿಯಮದ ಪ್ರಕಾರ ತೊಳೆದು ತೂಗುಹಾಕಿ, ರಿಜಿಸ್ಟರಿನಲ್ಲಿ ಅದರ ಮುಂದೆಯೂ ‘ಬಳಕೆಯಿಲ್ಲ’ ಎಂದು ಬರೆದಳು.

ಸೋಮವಾರ ಬೆಳಿಗ್ಗೆ ಅಕ್ಕತಂಗಿಯರು ಮೂರನೆಯ ಮಹಡಿಯ ಶಸ್ತ್ರಚಿಕಿತ್ಸಾ ವಿಭಾಗದ ಗಾಜಿನ ಕಿಂಡಿಯ ಮುಂದೆ ನಿಂತಿದ್ದರು. ಒಳಗಿದ್ದ ಗುಮಾಸ್ತ ಸೌಮ್ಯವಾಗಿಯೇ ಮಾತಾಡಿದ.

“ಕ್ಯಾನ್ಸರ್ ಆಪರೇಷನ್ ನಿಂತಿಲ್ಲಮ್ಮಾ. ವಾರಕ್ಕೆ ನಾಲ್ಕು ಮಾಡ್ತಿದ್ದಾರೆ. ರಿಪೋರ್ಟ್ ಕೊಡಿ, ದಿನ ಕೊಡ್ತೀನಿ.”

“ರಿಪೋರ್ಟ್ ಇಲ್ಲ. ಗಡ್ಡೆ ಇದೆ.”

“ಗಡ್ಡೆ ಇದೆ ಅಂತ ಯಾರು ಹೇಳಿದ್ರು?”

“ನಾನೇ ಕಣ್ಣಾರೆ ನೋಡಿದ್ದೀನಿ.”

“ಹೊಟ್ಟೆಯೊಳಗೆ ಕಣ್ಣಾರೆ ಹೇಗೆ ನೋಡಿದ್ರಿ ಅಮ್ಮಾ?” ಎಂದು ಅವನು ನಕ್ಕ. ಅಣಕಿಸುವ ನಗುವಲ್ಲ, ದಣಿದವನ ನಗು. “ಪರೀಕ್ಷೆ ಮಾಡಿಸ್ಕೊಂಡು ಬನ್ನಿ. ನಮ್ಮಲ್ಲಿ ಈಗ ಜಾಗ ಖಾಲಿಯೇ ಇದೆ. ಕಾಯಿಲೆಯೇ ಕಮ್ಮಿಯಾಗಿದೆ, ಅಲ್ಲಿ ನೋಡಿ.”

ಅವನು ತೋರಿಸಿದ ಕಡೆ, ಗೋಡೆಯ ಮೇಲೆ, ಆಸ್ಪತ್ರೆಯ ಮೂರು ತಿಂಗಳ ವರದಿ ಬಣ್ಣದ ಹಾಳೆಯಲ್ಲಿ ತೂಗುತ್ತಿತ್ತು. ಹೊಸದಾಗಿ ಪತ್ತೆಯಾದ ಕರುಳಿನ ಕ್ಯಾನ್ಸರ್ ಪ್ರಕರಣಗಳು: ಕಳೆದ ವರ್ಷದ ಅರ್ಧಕ್ಕಿಂತಲೂ ಕಡಿಮೆ. ಪಕ್ಕದಲ್ಲಿ ಕೆಳಮುಖವಾದ ಹಸಿರು ಬಾಣ. ಇಳಿದದ್ದು ಒಳ್ಳೆಯದಾಯಿತೆಂಬಂತೆ, ಹಸಿರು!

ಅಕ್ಕ ಆ ಬಾಣವನ್ನು ಬಹಳ ಹೊತ್ತು ನೋಡಿದಳು. “ಹಾಗಾದ್ರೆ ನಂಗೆ ಕಾಯಿಲೆ ಇಲ್ಲ ಅನ್ನು. ಸುಮ್ನೆ ಉಪ್ಪುನೀರು ಕುಡಿದೆ” ಎಂದಳು. ಮಾತು ಹಾಸ್ಯದ್ದೇ, ಆದರೆ ಕಿಂಡಿಯ ಕಟ್ಟೆಯನ್ನು ಹಿಡಿದಿದ್ದ ಕೈಯನ್ನು ಅವಳು ಬಿಡಲಿಲ್ಲ.

ತಂಗಿ ಅವಳನ್ನು ಬೆಂಚಿನ ಮೇಲೆ ಕೂರಿಸಿ, “ಇಲ್ಲೇ ಇರು” ಎಂದು ಮೆಟ್ಟಿಲಿಳಿದಳು. ಇಷ್ಟು ದಿನ ಯಾರ ಮೇಲೆ ಸಿಟ್ಟಾಗಬೇಕೆಂಬುದೇ ಆಕೆಗೆ ತಿಳಿದಿರಲಿಲ್ಲ. ಸೋಂಕಿನ ಮೇಲೆ ಸಿಟ್ಟಾದರೆ ಅದಕ್ಕೆ ಕಿವಿಯಿಲ್ಲ. ಈಗ ಸಿಟ್ಟು ದಾರಿ ಕಂಡುಕೊಂಡಿತ್ತು, ಮತ್ತು ಆ ದಾರಿ ಮೊದಲು ತನ್ನ ಕೋಣೆಗೇ ಬಂದು ನಿಂತಿತು. ಕಾಯಿಲೆ ಇಲ್ಲವೆಂದು ಬರೆದ ಕೈಗಳಲ್ಲಿ ಒಂದು ತನ್ನದೇ.

ರಿಜಿಸ್ಟರಿನಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ತಪ್ಪಿದ್ದರೆ ಕೆಳಗಿನ ಅಕ್ಷರ ಓದಲು ಸಿಗುವಂತೆ ಒಂದೇ ಗೆರೆ ಎಳೆದು, ಸರಿಯಾದುದನ್ನು ಬರೆದು, ದಿನಾಂಕ ಹಾಕಬೇಕು. ಆಕೆ ಎರಡು ಗೆರೆ ಎಳೆದಳು. ಮೊದಲನೆಯದರ ಮೇಲೆ, ‘ಭಾನುವಾರ ಬಳಸಲಾಗಿದೆ. ಆಡಳಿತ ಮಂಡಳಿ ಅಧ್ಯಕ್ಷರ ಮಾವ. ರೋಗಿ ಸಂಖ್ಯೆ ಕೊಟ್ಟಿಲ್ಲ. ತೊಳೆಯದೆ ತೂಗುಹಾಕಲಾಗಿತ್ತು.’ ಎರಡನೆಯದರ ಮೇಲೆ, ‘ಭಾನುವಾರ ಬಳಸಲಾಗಿದೆ. ನನ್ನ ಅಕ್ಕ,’ ಎಂದು ಬರೆದು, ಅಕ್ಕನ ರೋಗಿ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ತುಂಬಿದಳು. ಸ್ವಾಗತದ ಮೇಜಿನ ಮೇಲಿದ್ದ ಪಟ್ಟಿಯನ್ನೂ ರಿಜಿಸ್ಟರಿನೊಡನೆ ಕಂಕುಳಲ್ಲಿಟ್ಟುಕೊಂಡು ವೈದ್ಯರ ಕೋಣೆಗೆ ನಡೆದಳು. ಈ ಸಲ ಹೇಳಿಸಿಕೊಳ್ಳದೆ ಕುಳಿತಳು.

“ಅಕ್ಕನ ರಿಪೋರ್ಟ್ ಕೊಡಿ ಸಾರ್.”

“ವಿಭಾಗ ತೆರೆದ ಮೇಲೆ ಅಂತ ಹೇಳಿದ್ನಲ್ಲಮ್ಮಾ.”

“ಯಾವಾಗ ತೆರೀತೀರಿ?”

“ಅದು ನನ್ನ ಕೈಲಿಲ್ಲ.”

“ಎರಡು ಭಾನುವಾರ ಇತ್ತಲ್ಲ, ನಿಮ್ಮ ಕೈಲಿ?”

ಆಕೆ ರಿಜಿಸ್ಟರನ್ನು ಅವರ ಮುಂದೆ ತೆರೆದಿಟ್ಟಳು. ಓದುತ್ತ ಹೋದಂತೆ ವೈದ್ಯರ ಮುಖದ ಬಣ್ಣ ಇಳಿಯಿತು. ಎದ್ದು ಬಾಗಿಲು ಹಾಕಿ ಬಂದರು.

“ಸರಿ. ಅಕ್ಕನದು ಇರಲಿ. ಚಿತ್ರಗಳು ಕಂಪ್ಯೂಟರ್‌ನಲ್ಲಿವೆ, ಹೆಸರು ಸೇರಿಸಿ ಇವತ್ತೇ ರಿಪೋರ್ಟ್ ಮಾಡ್ತೀನಿ. ತುರ್ತು ಅಂತ ಬರೀತೀನಿ. ಆದರೆ ಈ ಮೇಲಿನ ಸಾಲು ಬೇಡ. ಹಾಳೆ ಬದಲಾಯಿಸಿ. ದಯವಿಟ್ಟು.”

ಒಂದು ಕ್ಷಣ ಆಕೆಯ ಕಣ್ಣ ಮುಂದೆ ಅಕ್ಕನ ಕೈ ಸುಳಿಯಿತು, ಕಿಂಡಿಯ ಕಟ್ಟೆಯನ್ನು ಹಿಡಿದಿದ್ದ ಕೈ. ಹೂಂ ಎಂದುಬಿಟ್ಟರೆ ಮುಗಿಯಿತು. ಹೋದ ವಾರ ಅಂದದ್ದೂ ಹಾಗೆಯೇ. ಆ ಹೂಂ ಅಕ್ಕನನ್ನು ಒಂದು ಮಹಡಿ ಮೇಲಕ್ಕೆ ಹತ್ತಿಸಿ, ಅಲ್ಲಿ ಕೈಬಿಟ್ಟಿತ್ತು.

“ಮುಚ್ಚಿದ ವಿಭಾಗದಿಂದ ಒಂದೇ ಒಂದು ರಿಪೋರ್ಟ್ ಹೇಗೆ ಬಂತು ಅಂತ ನಾಳೆ ಯಾರಾದ್ರೂ ಕೇಳ್ತಾರೆ ಸಾರ್. ಕೊಳವೆಯಮ್ಮ ಕದ್ದು ಮಾಡಿಸಿದ್ಲು ಅಂತೀರಿ. ರಿಪೋರ್ಟ್ ಹರೀತೀರಿ, ಅಕ್ಕ ಮತ್ತೆ ಬೆಂಚಿಗೆ. ಅವರಿಗೆ ತೆರೆದಿತ್ತು ಅಂತ ಇದ್ರೆ ತಾನೇ ಇವಳಿಗೂ ತೆರೆದಿತ್ತು ಅಂತಾಗೋದು? ಇದ್ರೆ ಎರಡೂ ಸಾಲು ಇರಲಿ.”

“ನನ್ನ ಕೆಲಸ ಹೋಗತ್ತೆ. ನಿಮ್ದೂ ಹೋಗತ್ತೆ.”

“ನನ್ನದು ಹೋಗ್ಲಿ. ಹದಿನೈದು ವಾರ ಶುಚಿಯಾಗಿರೋದನ್ನ ತೊಳೆಯೋದು ಒಂದು ಕೆಲಸಾನಾ? ಒಂದೊಂದು ಸಲವೂ ಕೈಲಿ ಹಿಡಿದು ಅಂದ್ಕೊಳ್ತಿದ್ದೆ, ಇದು ಇವತ್ತು ಯಾರನ್ನೋ ಉಳಿಸ್ಬಹುದಿತ್ತು ಅಂತ. ನೀವು ಒಂದು ಸಲ ಅಂದ್ಕೊಂಡ್ರಾ? ಉಡುಪಿಲ್ಲ, ಉಡುಪಿಲ್ಲ! ದಿನಕ್ಕೆ ಒಬ್ಬರಿಗೆ ಮೂರು ಜೊತೆ ಹೊಂದಿಸಿದ್ರೆ ಇಷ್ಟು ಹೊತ್ತಿಗೆ ಪಟ್ಟಿಯ ಎರಡು ಹಾಳೆ ಮುಗೀತಿತ್ತು. ಅಧ್ಯಕ್ಷರ ಮಾವನಿಗೆ ಹೊಂದಿಸೋಕೆ ಬಂದ ಬುದ್ಧಿ ಬೇರೆಯವರಿಗೆ ಯಾಕೆ ಬರ್ಲಿಲ್ಲ? ನಿಮ್ಮ ಕೆಲಸ ಹೋದ್ರೆ ಬನ್ನಿ, ತೊಳೆಯೋದು ಕಲಿಸ್ತೀನಿ. ಒಳಗೂ ಉಜ್ಜಬೇಕು ಅನ್ನೋದು ಮೊದಲನೇ ಪಾಠ.”

ವೈದ್ಯರು ಕಡೆಗೆ ಕಂಪ್ಯೂಟರಿನತ್ತ ತಿರುಗಿ, ಹೆಸರಿಲ್ಲದೆ ಬಿದ್ದಿದ್ದ ಚಿತ್ರಗಳನ್ನು ತೆರೆದು, ಅಕ್ಕನ ಸಂಖ್ಯೆ ಒತ್ತಿದರು. ವರದಿ ಮುದ್ರಣವಾಗಿ ಬಂತು. ಭಾನುವಾರದ ದಿನಾಂಕ, ‘ಅತಿ ತುರ್ತು’, ಕೆಳಗೆ ರುಜು. ರಿಜಿಸ್ಟರಿನ ಎರಡು ಸಾಲುಗಳ ಪಕ್ಕದಲ್ಲೂ ರುಜು ಹಾಕಿದರು. ಆಕೆ ವರದಿಯನ್ನು ಹಿರಿಯ ದಾದಿಯ ಕೈಗಿತ್ತು, “ಮೇಲೆ ಬೆಂಚಲ್ಲಿ ಕೂತಿದ್ದಾಳೆ. ನೀವೇ ನಿಂತು ಕಿಂಡಿಗೆ ಕೊಡಿಸಿ, ದಿನ ಬರೆಸ್ಕೊಂಡು ಬನ್ನಿ” ಎಂದಳು. ಹಿರಿಯ ದಾದಿ ಎದುರಾಡದೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಮೇಲಿನಿಂದ ಫೋನು ಬಂತು: ಗುರುವಾರ ದಾಖಲಾಗಬೇಕು, ಚೂರಿನ ಪರೀಕ್ಷೆಯನ್ನು ಅಲ್ಲಿಯೇ ಮಾಡುತ್ತಾರೆ, ಶುಕ್ರವಾರ ಆಪರೇಷನ್.

ಆಕೆ ಕಣ್ಣು ಮುಚ್ಚಿ ತೆರೆದಳು. ಆದರೆ ಏಳಲಿಲ್ಲ.

“ಆಯ್ತಲ್ಲಮ್ಮಾ. ಇನ್ನೇನು?”

“ನನ್ನ ಅಕ್ಕ ನಲವತ್ತೊಂದನೆಯವಳು” ಎಂದು ಪಟ್ಟಿಯನ್ನು ಮೇಜಿನ ಮೇಲೆ ಹರಡಿದಳು. “ನಲವತ್ತು ಜನರ ತಲೆ ಮೇಲೆ ಕಾಲಿಟ್ಟು ಅವಳನ್ನ ದಾಟಿಸಿದ್ದೀನಿ. ನಾಳೆಯಿಂದ ದಿನಕ್ಕೆ ಒಬ್ಬರಾದ್ರೂ ಬರ್ಲಿ. ಮೊದಲನೆಯವರಿಂದ ಶುರು ಮಾಡೋಣ. ಐದು ಕೊಳವೆ ತೊಳೆದಿಟ್ಟಿದ್ದೀನಿ.”

ಮೊದಲ ಸಾಲಿನಲ್ಲಿದ್ದವರು ಗಡಿಯಾರ ರಿಪೇರಿ ಮಾಡುವವರು. ವಯಸ್ಸು ಐವತ್ತೆಂಟು, ರಕ್ತಸ್ರಾವ, ತೂಕ ಇಳಿತ. ಆಕೆ ವೈದ್ಯರ ಮೇಜಿನ ಫೋನನ್ನೆಳೆದುಕೊಂಡು, ಧ್ವನಿ ಇಬ್ಬರಿಗೂ ಕೇಳುವಂತೆ ಗುಂಡಿಯೊತ್ತಿ, ಸಂಖ್ಯೆ ಒತ್ತಿದಳು. ಎತ್ತಿಕೊಂಡವಳು ಹುಡುಗಿ.

“ಆಸ್ಪತ್ರೆಯಿಂದಮ್ಮಾ. ಅಪ್ಪನ ಕರುಳಿನ ಪರೀಕ್ಷೆಗೆ ದಿನ ಕೊಡೋಣ ಅಂತ.”

ಹುಡುಗಿ ತೀರ ನಿಧಾನವಾಗಿ ಹೇಳಿದಳು: “ಅಪ್ಪ ಹೋದ ವಾರ ತೀರ್ಕೊಂಡ್ರು. ಹೊಟ್ಟೆ ಉಬ್ಬಿ, ಕರುಳು ಕಟ್ಟಿಹೋಗಿತ್ತಂತೆ. ತುರ್ತು ವಾರ್ಡಿಗೆ ಕರ್ಕೊಂಡು ಬಂದಾಗ, ಇಷ್ಟು ತಡ ಯಾಕೆ ಮಾಡ್ಕೊಂಡ್ರಿ ಅಂತ ನಮ್ಮನ್ನೇ ಬೈದ್ರು. ಈಗ ತೆರೆದಿದ್ದೀರಾ?”

ಕೊಳವೆಯಮ್ಮ ವೈದ್ಯರತ್ತ ನೋಡಿದಳು. ಅವರ ಕಣ್ಣು ಮೇಜಿನ ಮೇಲೆ ನೆಟ್ಟಿತ್ತು.

“ಕ್ಷಮಿಸಮ್ಮಾ” ಎಂದಷ್ಟೇ ಹೇಳಿ ಫೋನಿಟ್ಟಳು. ಪೆನ್ನು ತೆಗೆದು ಮೊದಲ ಸಾಲಿನ ಮೇಲೆ, ಕೆಳಗಿನ ಹೆಸರು ಓದಲು ಸಿಗುವಂತೆ, ಒಂದೇ ಗೆರೆ ಎಳೆದಳು. ಆಮೇಲೆ ಫೋನನ್ನೂ ಪಟ್ಟಿಯನ್ನೂ ಮೇಜಿನ ಆಚೆಬದಿಗೆ ತಳ್ಳಿ, ಎರಡನೆಯ ಸಾಲಿನ ಮೇಲೆ ಬೆರಳಿಟ್ಟಳು.

“ಇವರಿಗೆ ಫೋನು ನೀವೇ ಮಾಡಿ ಸಾರ್.”

ಅವರು ಮಾಡುವವರೆಗೆ ಆಕೆ ಆ ಬೆರಳನ್ನು ತೆಗೆಯಲಿಲ್ಲ.